ನಿಂತರೂ ತಿರುಗಬೇಕು

ಸಂಜೆ ಆರೂವರೆ ಆಯಿತು ಅಂದರೆ ಅಪ್ಪ ಕನ್ನಡಕ ಹುಡುಕಲು ಶುರು ಮಾಡುತ್ತಾರೆ. ಆಮೇಲೆ ಫೋನ್. ಅದರಲ್ಲಿ ಕೆಪಿಟಿಸಿಎಲ್‌ನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನ, ಅಂದರೆ ಯಾವ ಸ್ಥಾವರ ಯಾವಾಗ ಎಷ್ಟು ವಿದ್ಯುತ್ ಕೊಡಬೇಕು ಅಂತ ಹೇಳುವ ಕೇಂದ್ರದ ಪುಟ. ಶರಾವತಿ, ನಾಗಝರಿ, ವಾರಾಹಿ, ಬಿಟಿಪಿಎಸ್, ವೈಟಿಪಿಎಸ್ ಅಂತ ಸಾಲಾಗಿ ವಿದ್ಯುತ್ ಸ್ಥಾವರಗಳ ಹೆಸರು. ಪಕ್ಕದಲ್ಲಿ ಈಗ ಎಲ್ಲಿಂದ ಎಷ್ಟು ಮೆಗಾವಾಟ್ ಬರುತ್ತಿದೆ ಅನ್ನುವ ಅಂಕಿ. ಅಪ್ಪನ ಬೆರಳು ಆರ್‌ಟಿಪಿಎಸ್ ಸಾಲಿಗೆ, ಅಂದರೆ ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸಾಲಿಗೆ, ಬಂದು ನಿಲ್ಲುತ್ತದೆ. ಮಧ್ಯಾಹ್ನ ತಗ್ಗಿದ್ದ ಅಂಕಿ ಈಗ ಮೇಲೆ ಹತ್ತುತ್ತಿರುತ್ತದೆ. "ಏರಾಕತ್ತೈತಿ ನೋಡು" ಅಂತ ನನಗೆ ತೋರಿಸುತ್ತಾರೆ. ಕಿಟಕಿಯ ಆಚೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿರುತ್ತದೆ.

ಅಪ್ಪ ಆ ಸ್ಥಾವರದಲ್ಲಿ 31 ವರ್ಷ ಟರ್ಬೈನ್ ಪಕ್ಕ ಆಪರೇಟರ್ ಆಗಿದ್ದವರು. ನಾನು ಬೆಳೆದದ್ದು ರಾಯಚೂರು ಹತ್ತಿರದ ಶಕ್ತಿನಗರದ ಕಾಲೊನಿಯಲ್ಲಿ. ಒಂದು ಕಡೆ ಕೃಷ್ಣಾ ಹೊಳೆ, ಅದರ ಮೇಲೆ ನಿಜಾಮರ ಕಾಲದ ಸೇತುವೆ. ಇನ್ನೊಂದು ಕಡೆ ದೇವಸೂಗೂರಿನ ಸೂಗೂರೇಶ್ವರ ಗುಡಿ. ನಡುವೆ ಚಿಮಣಿಗಳು. ದೂರದ ಊರಿಂದ ಬಸ್ಸಿನಲ್ಲಿ ವಾಪಸ್ ಬರುವಾಗ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅವೇ. ಅವು ಕಂಡರೆ ಮನೆ ಬಂತು ಅಂತ ಅರ್ಥ. ಹಾಗಾಗಿ ಕಲ್ಲಿದ್ದಲಿನ ಬಗ್ಗೆ ನಾನು ಬರೆಯುವುದು ಹೊರಗಿನವನ ಮಾತಲ್ಲ. ನಮ್ಮ ಮನೆಯ ಅನ್ನ ಅದರಿಂದಲೇ ಬಂದದ್ದು.

ಶಕ್ತಿನಗರಕ್ಕೂ ಮೊದಲು ಕರ್ನಾಟಕದ ಕರೆಂಟು ಅಂದರೆ ನೀರು. 1902ರಲ್ಲಿ ಶಿವನಸಮುದ್ರ, 1948ರಲ್ಲಿ ಜೋಗ, ಅರವತ್ತರ ದಶಕದಲ್ಲಿ ಶರಾವತಿ. ಮಳೆ ಬಂದರೆ ಬೆಳಕು, ಕೈಕೊಟ್ಟರೆ ಪವರ್ ಕಟ್. 1985ರಲ್ಲಿ 210 ಮೆಗಾವಾಟಿನ ಮೊದಲ ಯುನಿಟ್ ಶಕ್ತಿನಗರದಲ್ಲಿ ಶುರುವಾದಾಗ, ಮಳೆಯನ್ನೇ ನಂಬಿ ಕೂರಬೇಕಾದ ಆ ಕಾಲ ಸ್ವಲ್ಪ ಹಿಂದೆ ಸರಿಯಿತು. ಒಂದೊಂದಾಗಿ ಎಂಟು ಯುನಿಟ್ ಆದವು. ಏಳು 210ರವು, 2010ರಲ್ಲಿ ಬಂದ ಎಂಟನೆಯದು 250ರದು. ಒಟ್ಟು 1720 ಮೆಗಾವಾಟ್.

ರಾಯಚೂರೇ ಯಾಕೆ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. ಅಪ್ಪ ಬೆರಳು ಮಡಚಿ ಹೇಳಿದ್ದರು. ನೀರಿಗೆ ಕೃಷ್ಣೆ. ಕಲ್ಲಿದ್ದಲಿಗೆ ಸಿಂಗರೇಣಿ. ತರುವುದಕ್ಕೆ ರೈಲು. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಸಿಂಗರೇಣಿ ಮತ್ತು ರಾಯಚೂರು ಎರಡೂ ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಹಳೆಯ ನೆಂಟಸ್ತಿಕೆ ಅನ್ನಿ.

ರೇಕು, ಅಂದರೆ ಕಲ್ಲಿದ್ದಲಿನ ಇಡೀ ಗೂಡ್ಸ್ ರೈಲು, ಬಂದಾಗ ನಾವು ಹುಡುಗರು ವ್ಯಾಗನ್ ಎಣಿಸುತ್ತಿದ್ದೆವು. ಐವತ್ತೆಂಟೋ ಐವತ್ತೊಂಬತ್ತೋ. ಯಾವಾಗಲೂ ಕೊನೆಗೆ ಲೆಕ್ಕದಲ್ಲಿ ಜಗಳ. ಒಂದು ರೇಕಿನಲ್ಲಿ ಸುಮಾರು ನಾಲ್ಕು ಸಾವಿರ ಟನ್ ಕಲ್ಲಿದ್ದಲು. 210ರ ಒಂದು ಯುನಿಟ್ ಪೂರ್ತಿ ಲೋಡಿನಲ್ಲಿ ಓಡಿದರೆ ಒಂದು ದಿನಕ್ಕೆ ಹತ್ತಿರ ಹತ್ತಿರ ಅಷ್ಟನ್ನೂ ತಿಂದು ಮುಗಿಸುತ್ತದೆ. ಎಂಟೂ ಓಡಿದರೆ ದಿನಕ್ಕೆ ಏಳೆಂಟು ರೇಕು ಬೇಕು. ಒಡಿಶಾದ ಮಹಾನದಿ ಗಣಿಗಳಿಂದಲೂ ಬರುತ್ತದೆ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ. ನಾವು ಸ್ವಿಚ್ ಹಾಕುವ ಒಂದು ಕ್ಷಣದ ಹಿಂದೆ ಇಷ್ಟು ದೊಡ್ಡ ಸಾಗಾಟ ಇದೆ.

ವ್ಯಾಗನ್ ಟಿಪ್ಲರ್ ನೋಡಿದ್ದು ಒಮ್ಮೆ ಮಾತ್ರ, ಅಪ್ಪನ ಜೊತೆ. ಇಡೀ ವ್ಯಾಗನ್ನನ್ನು ಹಳಿಯ ಸಮೇತ ಹಿಡಿದು, ಅವ್ವ ಅಕ್ಕಿ ಡಬ್ಬ ಬೋರಲು ಹಾಕಿದ ಹಾಗೆ, ಮಗುಚಿಬಿಡುತ್ತದೆ. ಅರವತ್ತು ಟನ್ ಒಂದೇ ಸಲ ಬಿದ್ದಾಗ ಕಾಲ ಕೆಳಗಿನ ನೆಲ ನಡುಗುತ್ತದೆ. ಕಪ್ಪು ಧೂಳು ಏಳುತ್ತದೆ, ಅದರ ಮೇಲೆ ನೀರು ಚಿಮುಕಿಸುತ್ತಾರೆ. ಮಳೆಗಾಲದಲ್ಲಿ ಒದ್ದೆ ಕಲ್ಲಿದ್ದಲು ಹಸಿ ಮಣ್ಣಿನಂತೆ ಅಂಟಿಕೊಂಡು ಕೂರುತ್ತದೆ. ಆಗ ಕಬ್ಬಿಣದ ಸಲಾಕೆ ಹಿಡಿದು ಅದನ್ನು ಚುಚ್ಚಿ ಚುಚ್ಚಿ ಬೀಳಿಸುವವರು ಗುತ್ತಿಗೆ ಕಾರ್ಮಿಕರು. ಅಂಥ ಒಬ್ಬ ಕಾಕಾ ನಮ್ಮ ಬೀದಿಯ ಆಚೆ ಇದ್ದರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಅಪ್ಪ ಕೆಲಸಕ್ಕೆ ಸೇರಿದ ಕಾಲಕ್ಕೆ ಒಳ್ಳೆಯ ಯುನಿಟ್ ಅಂದರೆ ನಿಲ್ಲದೆ ಓಡುವ ಯುನಿಟ್. ನೂರು ದಿನ, ನೂರೈವತ್ತು ದಿನ ಒಂದೇ ಸಮನೆ ಓಡಿದರೆ ಸಿಹಿ ಹಂಚುತ್ತಿದ್ದರಂತೆ. ಬಾಯ್ಲರ್ ಟ್ಯೂಬ್ ಲೀಕ್ ಆಗಿ ಟ್ರಿಪ್ ಆದರೆ ಮನೆಯಲ್ಲಿ ಊಟಕ್ಕೂ ಕೂರದೆ ಓಡುತ್ತಿದ್ದರು. ಕೆಲಸ ಇದ್ದದ್ದು ಒಂದೇ, ಪೂರ್ತಿ ಲೋಡು ಹೊರುವುದು.

ಈಗ ಆ ಕೆಲಸವೇ ಬದಲಾಗಿದೆ. ಪಾವಗಡದ ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿತು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ತುಂಬಿಕೊಂಡವು. 2018ರ ಹೊತ್ತಿಗೆ ಸೌರ ವಿದ್ಯುತ್ತಿನಲ್ಲಿ ನಮ್ಮ ರಾಜ್ಯ ದೇಶಕ್ಕೇ ಮುಂದಿತ್ತು. ಹಗಲು ಹತ್ತು ಗಂಟೆಯಾಗಿ ಬಿಸಿಲು ಏರಿದರೆ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರಿನಿಂದ ಫೋನ್ ಬರುತ್ತದೆ: ಬ್ಯಾಕ್ ಡೌನ್ ಮಾಡಿ, ಲೋಡ್ ಇಳಿಸಿ. ಸಂಜೆ ಬಿಸಿಲು ಹೋಗುತ್ತಿದ್ದ ಹಾಗೆ ಇನ್ನೊಂದು ಫೋನ್: ಏರಿಸಿ. ಜುಲೈ, ಆಗಸ್ಟಿನಲ್ಲಿ ಗಾಳಿ ಜೋರಾಗಿ ಬೀಸಿ, ಡ್ಯಾಮುಗಳೂ ತುಂಬಿದರೆ ಕೆಲವು ಯುನಿಟ್‌ಗಳನ್ನು ಪೂರ್ತಿ ನಿಲ್ಲಿಸಿಯೇ ಬಿಡುತ್ತಾರೆ. ರಿಸರ್ವ್ ಶಟ್‌ಡೌನ್ ಅಂತ ಅದರ ಹೆಸರು.

ಇದು ಕೇಳಲು ಸುಲಭ. ಆದರೆ ಈ ಯಂತ್ರಗಳು ಹಾಗೆ ಏರಿ ಇಳಿಯಲು ಹುಟ್ಟಿದವಲ್ಲ. 540 ಡಿಗ್ರಿ ಕಾದ ಹಬೆ ಹರಿಯುವ ದಪ್ಪ ಉಕ್ಕಿನ ಕೊಳವೆಗಳು ಅವು. ಕಾದು, ತಣಿದು, ಮತ್ತೆ ಕಾದರೆ ಲೋಹ ದಣಿಯುತ್ತದೆ. ಬೆಸುಗೆ ಹಾಕಿದಲ್ಲಿ ಬಿರುಕು ಬಿಡುತ್ತದೆ. ಪೂರ್ತಿ ತಣ್ಣಗಾದ ಯುನಿಟ್ ಮತ್ತೆ ಎಬ್ಬಿಸಲು ಎಷ್ಟೋ ಗಂಟೆ ಹಿಡಿಯುತ್ತದೆ, ಬೆಂಕಿ ಹೊತ್ತಿಸಲು ಎಣ್ಣೆ ಸುರಿಯಬೇಕಾಗುತ್ತದೆ. ಲೋಡ್ ತೀರಾ ಇಳಿಸಿದರೆ ಕುಲುಮೆಯಲ್ಲಿ ಬೆಂಕಿ ಸ್ಥಿರವಾಗಿ ನಿಲ್ಲುವುದಿಲ್ಲ. 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಒಂದು ನಿಯಮ ತಂದಿತು. ಕಲ್ಲಿದ್ದಲು ಯುನಿಟ್‌ಗಳು ಮೊದಲು ಪೂರ್ತಿ ಸಾಮರ್ಥ್ಯದ ಶೇ 55ಕ್ಕೆ, ಮುಂದೆ ಹಂತ ಹಂತವಾಗಿ ಶೇ 40ಕ್ಕೆ ಇಳಿದು ಓಡುವುದನ್ನು ಕಲಿಯಬೇಕು ಅಂತ. ನಲವತ್ತು ವರ್ಷ ಮೂಟೆ ಹೊತ್ತವನಿಗೆ ಈಗ ಕುಣಿಯಲು ಹೇಳಿದ ಹಾಗೆ, ಅಲ್ವಾ?

ಅಪ್ಪ ಒಂದು ವಿಷಯ ಯಾವಾಗಲೂ ಹೇಳುತ್ತಾರೆ. ಯುನಿಟ್ ನಿಂತರೂ ಟರ್ಬೈನ್ ನಿಲ್ಲುವ ಹಾಗಿಲ್ಲ. ನಿಮಿಷಕ್ಕೆ 3000 ಸುತ್ತು ಸುತ್ತುತ್ತಿದ್ದ ಆ ಉದ್ದನೆಯ ಶಾಫ್ಟು ಬಿಸಿ ಇರುವಾಗಲೇ ಸುಮ್ಮನೆ ನಿಂತುಬಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಮೇಲಿನ ಭಾಗ ಬಿಸಿ, ಕೆಳಗಿನದು ತಣ್ಣಗೆ ಆಗಿ ಡೊಂಕಾಗುತ್ತದೆ. ಅದಕ್ಕೇ ಬ್ಯಾರಿಂಗ್ ಗೇರ್ ಹಾಕಿ ನಿಧಾನಕ್ಕೆ ತಿರುಗಿಸುತ್ತಲೇ ಇರುತ್ತಾರೆ, ದಿನಗಟ್ಟಲೆ. ಒಂದು ಮಳೆಗಾಲದ ರಾತ್ರಿ ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ಹಾಗೆ ನಿಂತ ಯುನಿಟ್ ನೋಡಿದ್ದೆ. ಯಾವಾಗಲೂ ಕಿವಿಗೆ ಗಡಚಿಕ್ಕುವ ಜಾಗ ಅದು. ಅವತ್ತು ಅಲ್ಲಿ ಒಂದು ಸಣ್ಣ ಗುಂಯ್ ಶಬ್ದ ಬಿಟ್ಟರೆ ಏನೂ ಇರಲಿಲ್ಲ. ಅಪ್ಪ ಟಾರ್ಚು ಬಿಟ್ಟು ಶಾಫ್ಟಿನ ಒಂದು ಚೂರು ತೋರಿಸಿದರು. ಎಣ್ಣೆಯಲ್ಲಿ ಮಿಂಚುತ್ತಾ ಮೆಲ್ಲಗೆ ತಿರುಗುತ್ತಿತ್ತು. "ನಿಂತರೂ ತಿರುಗಬೇಕು ಇದು" ಅಂದರು.

ಸೋಲಾರಿನಿಂದ ಏನು ಬಂತು ಅಂತ ನನಗೆ ಅರ್ಥವಾಗಿದ್ದು ಸಿರವಾರದ ಹತ್ತಿರದ ಚಿಕ್ಕಪ್ಪನ ಹೊಲದಲ್ಲಿ. ಮೊದಲೆಲ್ಲ ಬೋರ್‌ವೆಲ್‌ಗೆ ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತಿತ್ತು. ಎರಡು ಗಂಟೆಗೆ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳಿನ ಭಯದಲ್ಲಿ ನೀರು ಕಟ್ಟಲು ಹೋಗಬೇಕಿತ್ತು. ಈಗ ಹೆಚ್ಚಾಗಿ ಹಗಲು ಕೊಡುತ್ತಾರೆ. ಬಿಸಿಲಿದ್ದಾಗಲೇ ಪಂಪು ಓಡುತ್ತದೆ. ಚಿಕ್ಕಮ್ಮ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾಳೆ. ಇದು ಸಣ್ಣ ಬದಲಾವಣೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ರೈತರ ಮನೆಗಳಿಗೆ ಬಿಸಿಲು ಕೊಟ್ಟ ದೊಡ್ಡ ಉಡುಗೊರೆ ಅದು.

ಆದರೆ 2023 ಕೂಡ ನೆನಪಿದೆ. ಮಳೆ ಕೈಕೊಟ್ಟಿತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ. ಲಿಂಗನಮಕ್ಕಿ ತುಂಬಲಿಲ್ಲ. ಮಳೆಯಿಲ್ಲದೆ ಬೆಳೆ ಒಣಗಿ, ಅಕ್ಟೋಬರಿನಲ್ಲಿ ಎಲ್ಲರೂ ಒಟ್ಟಿಗೆ ಪಂಪು ಹಾಕಿದರು. ರಾಜ್ಯದೊಳಗಿನ ಖಾಸಗಿ ಸ್ಥಾವರಗಳು ಇಲ್ಲಿಗೇ ವಿದ್ಯುತ್ ಕೊಡಬೇಕು ಅಂತ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಆದೇಶ ಹೊರಡಿಸಬೇಕಾಯಿತು. ಆಗ ಶಕ್ತಿನಗರ, ಬಳ್ಳಾರಿ ಹತ್ತಿರದ ಕುಡತಿನಿ (ಬಿಟಿಪಿಎಸ್), ರಾಯಚೂರಿನದೇ ಯರಮರಸ್ (ವೈಟಿಪಿಎಸ್), ಈ ಮೂರೂ ಕಲ್ಲಿದ್ದಲು ಸ್ಥಾವರಗಳ ಮೇಲೆ ಎಲ್ಲರ ಕಣ್ಣು. ಮೂರೂ ಸೇರಿದರೆ 5020 ಮೆಗಾವಾಟ್. ವರ್ಷವಿಡೀ ಮರೆತಿದ್ದವರಿಗೆಲ್ಲ ಒಂದೇ ವಾರದಲ್ಲಿ ನೆನಪಾದವು.

ಹಾಗಂತ ಕಲ್ಲಿದ್ದಲು ಹೀಗೇ ಇರಲಿ ಅನ್ನುವವನಲ್ಲ ನಾನು. ನಮ್ಮ ದೊಡ್ಡವ್ವನ ಮನೆ ಇನ್ನೊಂದು ಸ್ಥಾವರದ ಬೂದಿ ಹೊಂಡದ ಹತ್ತಿರ ಇದೆ. ಊರ ಹೆಸರು ಬೇಡ. ಬಟ್ಟೆ ಒಣ ಹಾಕುವ ಮೊದಲು ಅವಳು ಗಾಳಿ ಯಾವ ಕಡೆ ಅಂತ ನೋಡುತ್ತಾಳೆ. ತುಳಸಿ ಎಲೆ ಮೇಲೆ ಬೆರಳಾಡಿಸಿ ನನಗೆ ತೋರಿಸಿದಳು. ಹಿಟ್ಟಿಗಿಂತ ನುಣ್ಣನೆಯ ಬೂದಿ, ಬೆರಳ ಗೆರೆಗಳೊಳಗೆ ಕೂತಿತ್ತು. ಒಣಗಿದ್ದನ್ನು ಕೊಡವಬಹುದು. ಒದ್ದೆ ಬಟ್ಟೆಗೆ ಅಂಟಿದರೆ ಮತ್ತೆ ನೀರಿಗೆ ಹಾಕಬೇಕು. ಬೇಸಿಗೆಯಲ್ಲಿ ಹೊಂಡ ಒಣಗಿ ಗಾಳಿ ಎದ್ದಾಗ ಮೊಮ್ಮಕ್ಕಳ ಕೆಮ್ಮು ನಿಲ್ಲುವುದಿಲ್ಲ ಅನ್ನುತ್ತಾಳೆ. ಬಟ್ಟೆಗೆ ಇನ್ನೊಂದು ಬಾರಿ ನೀರಿದೆ. ಮಕ್ಕಳ ಎದೆಗೆ ಏನಿದೆ?

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಜಾಸ್ತಿ. ಮೂರು ಟನ್ ಸುಟ್ಟರೆ ಒಂದು ಟನ್ ಬೂದಿ ಅಂತ ಒರಟು ಲೆಕ್ಕ. ಸಿಮೆಂಟ್ ಕಾರ್ಖಾನೆಗೆ, ಇಟ್ಟಿಗೆಗೆ, ರಸ್ತೆಗೆ ಒಂದಷ್ಟು ಹೋಗುತ್ತದೆ. ಉಳಿದದ್ದು ಹೊಂಡಕ್ಕೆ. ಗಂಧಕದ ಹೊಗೆಯದು ಇನ್ನೊಂದು ಕಥೆ. 2015ರ ಡಿಸೆಂಬರಿನಲ್ಲಿ ಕಟ್ಟುನಿಟ್ಟಿನ ಮಿತಿ ಬಂತು. ಗಡುವು ಮೇಲೆ ಗಡುವು ಮುಂದೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರದಿಂದ ವಿನಾಯಿತಿಯೇ ಸಿಕ್ಕಿತು. ಇದು ನನಗೆ ನುಂಗಲಾಗದ ಮಾತು. ಸಂಜೆಗೆ ನಿಮ್ಮ ಕರೆಂಟು ಬೇಕೇಬೇಕು ಅಂತ ಕೇಳುವ ನಾವು, ಹೊಗೆ ತೊಳೆಯುವ ಖರ್ಚು ಮಾತ್ರ ಜಾಸ್ತಿ ಆಯಿತು ಅಂದರೆ ಹೇಗೆ? ಆ ಖರ್ಚು ಬೇರೆ ಯಾರದೋ ಮನೆಯ ಔಷಧಿ ಚೀಟಿಯಲ್ಲಿ ಬಂದೇ ಬರುತ್ತದೆ.

ಸಮಸ್ಯೆ ಇರುವುದು ಸಂಜೆಯಲ್ಲಿ. ಹಗಲಿನ ಬಿಸಿಲನ್ನು ಎಲ್ಲಾದರೂ ಹಿಡಿದಿಟ್ಟರೆ ಶಕ್ತಿನಗರಕ್ಕೆ ಫೋನ್ ಹೋಗುವುದು ತಪ್ಪುತ್ತದೆ. ಶರಾವತಿ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಅದಕ್ಕೇ ಬಂದದ್ದು. ಹಗಲು ಗೇರುಸೊಪ್ಪೆಯಿಂದ ತಲಕಳಲೆಗೆ ನೀರು ಎತ್ತುವುದು, ಸಂಜೆ ಬಿಡುವುದು. ಆದರೆ ಅದು ಸಿಂಗಳೀಕಗಳ ಅಭಯಾರಣ್ಯ. ಅಲ್ಲಿ ಮರ ಕಡಿಯುವುದನ್ನು ಮಲೆನಾಡಿನ ಜನ ವಿರೋಧಿಸುತ್ತಿದ್ದಾರೆ, ನಾನೂ ಅವರ ಕಡೆಯೇ. ಬೂದಿಯನ್ನು ರಾಯಚೂರಿನ ಸೀಮೆಯಿಂದ ತೆಗೆಯಲು ಕಾಡನ್ನು ಶಿವಮೊಗ್ಗದಿಂದ ತೆಗೆಯಬೇಕೇ? ಬ್ಯಾಟರಿಗಳ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಇಡಲು ಅವಕ್ಕೆ ಕಾಡು ಬೇಡ. ಅದಕ್ಕಿಂತ ಒಳ್ಳೆಯ ಜಾಗವೇ ಇದೆ, ಹೇಳುತ್ತೇನೆ.

ಅದಕ್ಕೂ ಮೊದಲು ಕಾಕಾ. ಕಳೆದ ದೀಪಾವಳಿಗೆ ಹೋದಾಗ ಅವರು ಚಹಾದ ಅಂಗಡಿಯಲ್ಲಿ ಸಿಕ್ಕರು. ಮಗನೂ ಈಗ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಯುನಿಟ್ ಓಡಿದರೆ ಕೆಲಸ, ನಿಂತರೆ ಹಾಜರಿ ಕಡಿಮೆ. ಚಹಾ ಆರುವ ತನಕ ಸುಮ್ಮನೆ ಕೂತಿದ್ದು ಕೇಳಿದರು. "ತಮ್ಮಾ, ನೀ ಬೆಂಗಳೂರಾಗ ಇರ್ತಿ. ಇದು ಇನ್ನಾ ಎಷ್ಟು ವರ್ಷ ನಡೀತೈತಿ? ಮಗನ ಮದುವಿ ಮಾಡಬೇಕು."

ನನ್ನ ಹತ್ತಿರ ಉತ್ತರ ಇರಲಿಲ್ಲ. ದೇಶದ ಲೆಕ್ಕ ಗೊತ್ತಿತ್ತು: 2030ಕ್ಕೆ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಬಿಟ್ಟು 500 ಗಿಗಾವಾಟ್ ಸಾಮರ್ಥ್ಯ, 2070ಕ್ಕೆ ನೆಟ್ ಝೀರೊ, ಅಂದರೆ ಗಾಳಿಗೆ ಸೇರುವ ಇಂಗಾಲದ ನಿವ್ವಳ ಲೆಕ್ಕ ಸೊನ್ನೆ. ಆದರೆ ಒಂದು ಮದುವೆಗೆ ಸಾಲ ಮಾಡಬಹುದೋ ಬೇಡವೋ ಅಂತ ಹೇಳುವ ದಿನಾಂಕ ಅದರಲ್ಲಿ ಇಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರದ ರ್‍ಯಾಟ್‌ಕ್ಲಿಫ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಕೊನೆಯ ಬಾರಿ ಕಲ್ಲಿದ್ದಲು ಸುಟ್ಟಿತು. ಬ್ರಿಟನ್ನಿನಲ್ಲಿ ಉಳಿದಿದ್ದ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅದು. 1882ರಲ್ಲಿ ಲಂಡನ್ನಿನಲ್ಲಿ ಶುರುವಾದ ಕೆಲಸ 142 ವರ್ಷಕ್ಕೆ ಮುಗಿಯಿತು. ಅವತ್ತು ಆ ಸುದ್ದಿಯನ್ನು ಅಪ್ಪನಿಗೆ ತೋರಿಸಿದೆ. ಅವರು ಕಂಟ್ರೋಲ್ ರೂಮಿನ ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ನನಗೆ ಮುಖ್ಯ ಅನಿಸಿದ್ದು ಬೇರೆ. ಕಲ್ಲಿದ್ದಲು ನಿಲ್ಲಿಸುತ್ತೇವೆ ಅಂತ ಅಲ್ಲಿನ ಸರ್ಕಾರ ಹೇಳಿದ್ದು 2015ರಲ್ಲಿ. ಅಂದರೆ ಕೆಲಸಗಾರರಿಗೆ ಒಂಬತ್ತು ವರ್ಷ ಮೊದಲೇ ಗೊತ್ತಿತ್ತು. ಬೇರೆ ಕೆಲಸ ಕಲಿಯಲು, ಮನೆ ಸಾಲ ತೀರಿಸಲು, ಮಕ್ಕಳ ಓದು ಯೋಚಿಸಲು ಒಂಬತ್ತು ವರ್ಷ. ಶ್ರೀಮಂತ ದೇಶ, ಬೇಡಿಕೆ ನಮ್ಮಷ್ಟು ಏರುತ್ತಿಲ್ಲ, ಎಲ್ಲ ನಿಜ. ಆದರೆ ದಿನಾಂಕ ಹೇಳುವುದಕ್ಕೆ ಶ್ರೀಮಂತಿಕೆ ಬೇಕಿಲ್ಲ.

ಶಕ್ತಿನಗರದ ಮೊದಲ ಯುನಿಟ್‌ಗೆ ನಲವತ್ತು ತುಂಬಿದೆ. ಯಾವ ಯುನಿಟ್ ಯಾವ ವರ್ಷದ ತನಕ ಅಂತ ಒಂದು ಪಟ್ಟಿ ಮಾಡಿ ದೇವಸೂಗೂರಿನ ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಲಿ. ಹಳೆಯವು ಮೊದಲು ಹೋಗಲಿ. ಬದಲಾದರೆ ಬದಲಾಯಿತು ಅಂತ ಮತ್ತೆ ಅಂಟಿಸಲಿ. ಕಾಯಂ ನೌಕರರಿಗೆ ಬೇರೆ ಕಡೆ ವರ್ಗ ಸಿಗುತ್ತದೆ. ಕಾಕಾನ ಮಗನಿಗೆ ಎಲ್ಲಿಗೆ ವರ್ಗ? ಪಾವಗಡಕ್ಕೆ ಹೋಗು ಅನ್ನುವುದು ಸುಲಭ. ಅಲ್ಲಿ ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಬಾಡಿಗೆ ಬರುತ್ತದೆ, ಒಳ್ಳೆಯದೇ ಆಯಿತು. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಬಾಡಿಗೆ ಇಲ್ಲ. ಪ್ಯಾನೆಲ್ ಒರೆಸಲು, ಹುಲ್ಲು ಕೀಳಲು, ಕಾವಲಿಗೆ ಬೇಕಾಗುವ ಜನ ಕಡಿಮೆ. ಮೂರು ಶಿಫ್ಟಿನ ಕಲ್ಲಿದ್ದಲು ಸ್ಥಾವರ ಸಾಕುವಷ್ಟು ಮನೆಗಳನ್ನು ಬಿಸಿಲು ಸಾಕುವುದಿಲ್ಲ. ಇದನ್ನು ಒಪ್ಪಿಕೊಂಡು ಮುಂದೆ ಹೋಗಬೇಕು.

ಈಗ ಆ ಜಾಗದ ಮಾತು. ಶಕ್ತಿನಗರದಲ್ಲಿ ಸ್ವಿಚ್‌ಯಾರ್ಡ್ ಇದೆ. ರಾಜ್ಯದ ನಾಲ್ಕೂ ಕಡೆ ಹೊರಟ ದೊಡ್ಡ ಲೈನುಗಳಿವೆ. ಜಮೀನಿದೆ, ರೈಲಿದೆ, ನೀರಿಗೆ ಗುರ್ಜಾಪುರದ ಬ್ಯಾರೇಜಿದೆ. ಕರೆಂಟು ಗೊತ್ತಿರುವ ಕೈಗಳಿವೆ. ಹಳೆಯ ಯುನಿಟ್ ತೆಗೆದ ಕಡೆ ಬ್ಯಾಟರಿ ಇಟ್ಟರೆ ಹೊಸ ಲೈನು ಎಳೆಯಬೇಕಿಲ್ಲ, ಮರ ಕಡಿಯಬೇಕಿಲ್ಲ. ಇನ್ನೊಂದು ದಾರಿಯೂ ಇದೆ. ಗ್ರಿಡ್ಡಿಗೆ, ಅಂದರೆ ಎಲ್ಲ ಸ್ಥಾವರ, ಲೈನು ಕೂಡಿದ ಜಾಲಕ್ಕೆ, ಬರೀ ಕರೆಂಟು ಸಾಲದು, ಭಾರವಾದ ಏನಾದರೂ ಸುತ್ತುತ್ತಿರಬೇಕು. ಆ ಭಾರ ಫ್ರೀಕ್ವೆನ್ಸಿ, ಅಂದರೆ ಕರೆಂಟಿನ ಲಯ, ಏಕಾಏಕಿ ಕುಸಿಯದ ಹಾಗೆ ತಡೆಯುತ್ತದೆ. ಅದೇ ಯಂತ್ರ ವೋಲ್ಟೇಜನ್ನೂ ಕಾಯುತ್ತದೆ. ಸೋಲಾರ್ ಪ್ಯಾನೆಲ್ಲಿಗೆ ಆ ತೂಕ ಇಲ್ಲ. ಜರ್ಮನಿಯ ಬಿಬ್ಲಿಸ್‌ನಲ್ಲಿ ಮುಚ್ಚಿದ ಅಣು ಸ್ಥಾವರದ ಜನರೇಟರನ್ನು 2012ರಲ್ಲಿ ಈ ಕೆಲಸಕ್ಕೇ ಹಚ್ಚಿದರು. ಇಂಧನ ಇಲ್ಲ, ಹಬೆ ಇಲ್ಲ. ಗ್ರಿಡ್ಡಿನ ಕರೆಂಟಿನಲ್ಲೇ ಜನರೇಟರ್ ಸುತ್ತುತ್ತಿತ್ತು, ಗ್ರಿಡ್ಡನ್ನೇ ಕಾಯುತ್ತಿತ್ತು.

ಇದನ್ನು ಅಪ್ಪನಿಗೆ ವಿವರಿಸಿದ್ದು ಮೊನ್ನೆ, ಅದೇ ಆರೂವರೆ ಹೊತ್ತಿಗೆ. ನಾನು ಸರಿಯಾಗಿ ಹೇಳಿದೆನೋ ಇಲ್ಲವೋ, ಅವರಿಗೆ ಅರ್ಧದಲ್ಲೇ ಅರ್ಥವಾಯಿತು. ಫೋನ್ ಮಡಿಲಲ್ಲಿ ಇಟ್ಟುಕೊಂಡರು.

"ಕಲ್ಲಿದ್ದಲು ಇಲ್ದ ತಿರುಗ್ತೈತೇನು?"

"ಹೂಂ ಅಪ್ಪ. ಬಾಯ್ಲರ್ ಬೇಡ, ಚಿಮಣಿ ಬೇಡ."

"ಬೂದಿನೂ ಇಲ್ಲ."

"ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವ್ವ ಒಳಗೆ ದೇವರಿಗೆ ದೀಪ ಹಚ್ಚುತ್ತಿದ್ದಳು. ಆಮೇಲೆ ಕೇಳಿದರು.

"ಬೇರಿಂಗಿಗೆ ಎಣ್ಣಿ ಅಂತೂ ಬೇಕಲ್ಲ. ರಾತ್ರಿ ಶಿಫ್ಟಿಗೆ ಎಷ್ಟು ಮಂದಿನ್ನ ಇಡ್ತಾರ?"